ಮಗು ಸುಮ್ಮನೆ ಕೂತ ಹೊತ್ತು: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಹೆತ್ತವರ ಟಿವಿ ಮಾತು, ಒಂದು ಟಿಪ್ಪಣಿ

ಎರಡು-ಮೂರು ವರ್ಷದ ಮಗು ಟಿವಿ ನೋಡುವುದರ ಬಗ್ಗೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ತಾಯಂದಿರನ್ನು ಕೇಳಿದರೆ ಉತ್ತರಗಳು ಬಹುಪಾಲು ಮೂರು ಮಾತಿನ ಸುತ್ತಲೇ ಸುತ್ತುತ್ತವೆ. ‘ಟಿವಿ ಹಾಕಿದ್ರೇನೇ ಉಣ್ಣೋದು.’ ‘ಸುಮ್ನೆ ಕೂತಿರ್ತಾನೆ, ನಮ್ಮ ಕೆಲ್ಸ ಆಗ್ತದೆ.’ ‘ಬಣ್ಣ, ಅಂಕಿ, ಎಬಿಸಿಡಿ ಎಲ್ಲ ಅದರಲ್ಲೇ ಕಲಿತುಬಿಟ್ಲು.’ ಮನೆಯ ಹಿರಿಯರು ‘ಕಣ್ಣು ಹಾಳಾಗ್ತಾವೆ’ ಎಂದು ನಾಲ್ಕನೆಯ ಮಾತು ಸೇರಿಸುತ್ತಾರೆ. ಸೇರಿಸಿ ತಾವೂ ಮಗುವಿನ ಪಕ್ಕ ಕೂತು ನೋಡುತ್ತಾರೆ. ಟಿವಿ ಎಂದಾಗ ಇಂದು ಮೊಬೈಲಿನ ಯೂಟ್ಯೂಬ್ ಕೂಡ ಅದರೊಳಗೇ ಬಂತು. ಮಗುವಿಗೂ ತಾಯಿಗೂ ಎರಡರ ನಡುವೆ ದೊಡ್ಡ ಭೇದವಿಲ್ಲ. ಎಷ್ಟು ಮನೆಯಲ್ಲಿ ಯಾವ ಮಾತು ಎಂದು ಎಣಿಸುವುದು ಈ ಟಿಪ್ಪಣಿಯ ಕೆಲಸವಲ್ಲ. ತಾಯಂದಿರ ಬಾಯಲ್ಲಿರುವ ಈ ಮೂರು ಮಾತುಗಳನ್ನು ಒಂದೊಂದಾಗಿ ಎತ್ತಿ, ಪ್ರಕಟವಾದ ಸಂಶೋಧನೆಯ ಪಕ್ಕ ಇಟ್ಟು ತೂಗುವುದಷ್ಟೇ ಇಲ್ಲಿನ ಉದ್ದೇಶ. ತೂಗಿದಾಗ, ತಾಯಿ ಸಂಕೋಚದಿಂದ ಹೇಳುವ ಎರಡನೆಯ ಮಾತು ನಿಜವಾಗಿ ನಿಲ್ಲುತ್ತದೆ, ಹೆಮ್ಮೆಯಿಂದ ಹೇಳುವ ಮೂರನೆಯ ಮಾತು ಅಲುಗಾಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಆ ಎರಡನೆಯ ಮಾತು. ಮೊಳಕಾಲ್ಮೂರಿನ ರೇಷ್ಮೆ ಸೀರೆ ಭೌಗೋಳಿಕ ಗುರುತು ಪಡೆದ ಸೀರೆ. ಅದು ಹುಟ್ಟುವುದು ಮನೆಯೊಳಗೆ, ನೆಲದಲ್ಲಿ ಗುಂಡಿ ತೋಡಿ ಹೂಡಿದ ಕೈಮಗ್ಗದಲ್ಲಿ. ನೇಯುವವನ ಕಾಲು ಗುಂಡಿಯಲ್ಲಿ, ಕೈ ಲಾಳಿಯ ಮೇಲೆ. ಅದೇ ಅಂಕಣದ ಇನ್ನೊಂದು ಮೂಲೆಯಲ್ಲಿ ಮನೆಯಾಕೆ ಕಂಡಿಕೆ ಸುತ್ತುತ್ತಾಳೆ. ಅಂಬೆಗಾಲಿಡುವ ಮಗುವಿಗೆ ಹಾಸಿನ ಎಳೆಗಳಷ್ಟು ಚೆಂದದ ಆಟಿಕೆ ಬೇರೊಂದಿಲ್ಲ, ಗುಂಡಿಯಷ್ಟು ಅಪಾಯದ ಜಾಗವೂ ಬೇರೊಂದಿಲ್ಲ. ಒಂದು ಎಳೆ ಕಿತ್ತರೆ ಅದನ್ನು ಹುರಿಗೊಳಿಸಿ ಕೂಡಿಸುವ ಹೊತ್ತು ದಿನದ ಕೂಲಿಯಿಂದಲೇ ಕಳೆಯಬೇಕು. ಚಳ್ಳಕೆರೆಯ ಕಡೆ ಬಂದರೆ ಕಷ್ಟದ ರೂಪ ಬೇರೆ. ಎಣ್ಣೆ ಗಿರಣಿಗಳ ಊರೆಂದು ಹೆಸರಾದ ಈ ಪೇಟೆಯ ಸುತ್ತ ಮಳೆಯನ್ನೇ ನಂಬಿದ ಶೇಂಗಾದ ಹೊಲ; ಶೇಂಗಾ ಕೀಳುವ, ಬಿಡಿಸುವ ದಿನಗಳಲ್ಲಿ ಹೆಂಗಸರು ಬೆಳಗಾಗುವ ಮುಂಚೆ ಮನೆ ಬಿಡುತ್ತಾರೆ, ಮಗು ಅಜ್ಜಿಯ ಪಾಲಾಗುತ್ತದೆ. ಮಂಡಿ ನೋವಿನ ಅಜ್ಜಿ ಎರಡು ವರ್ಷದ ಮೊಮ್ಮಗನ ಹಿಂದೆ ಓಡಲಾರಳು. ಇಂಥ ಮನೆಯಲ್ಲಿ ಟಿವಿ ಮಾಡುವ ಕೆಲಸ ಹಿಂದೆ ಜೋಲಿ ಮಾಡುತ್ತಿದ್ದ ಕೆಲಸ: ಮಗುವನ್ನು ಒಂದು ಕಡೆ ಹಿಡಿದಿಡುವುದು.

ಇದನ್ನು ಹಳ್ಳಿಯವರ ಅಜ್ಞಾನವೆಂದು ಬರೆಯುವವರಿಗೆ ಒಂದು ಅಂಕಿ ನೆನಪಿಸಬೇಕು. ಅಮೆರಿಕದ ಮಿನೆಸೋಟ ಮತ್ತು ವಾಷಿಂಗ್ಟನ್ ರಾಜ್ಯಗಳಲ್ಲಿ ಎರಡು ವರ್ಷದೊಳಗಿನ ಮಕ್ಕಳಿರುವ 1,009 ಹೆತ್ತವರನ್ನು ವಿಚಾರಿಸಿ ಝಿಮರ್‌ಮನ್, ಕ್ರಿಸ್ಟಾಕಿಸ್ ಮತ್ತು ಮೆಲ್ಟ್ಸಾಫ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟಿವಿ ಹಾಕಲು ಕಾರಣ ಕೇಳಿದಾಗ ‘ಮಿದುಳಿಗೆ ಒಳ್ಳೆಯದು, ಕಲಿಯುತ್ತದೆ’ ಎಂದವರು 29%, ‘ಮಗುವಿಗೆ ಖುಷಿ’ ಎಂದವರು 23%, ‘ನಮ್ಮ ಕೆಲಸಕ್ಕೆ ಬಿಡುವು’ ಎಂದವರು 21%. ಸಮುದ್ರದಾಚೆಯ ಕಾರಣಗಳೂ ನಮ್ಮ ಸೀಮೆಯ ಕಾರಣಗಳೂ ಬೇರೆಯಲ್ಲ. ಬಿಡುವು ಬೇಕೆನ್ನುವ ತಾಯಿ ಸುಳ್ಳು ಹೇಳುತ್ತಿಲ್ಲ. ಆಕೆಗೆ ತನ್ನ ಕೆಲಸ ಎಷ್ಟು ಸಾಗಿತೆಂದು ಗೊತ್ತು. ಅಳತೆ ಅವಳ ಕೈಯಲ್ಲೇ ಇದೆ.

‘ಕಲಿತುಬಿಟ್ಲು’ ಎಂಬ ಮಾತಿಗೆ ಅಂಥ ಅಳತೆಯಿಲ್ಲ. ಇಲ್ಲಿ ನಿಧಾನವಾಗಿ ನೋಡಬೇಕು.

ಜೂಡಿ ಡಿಲೋಷ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ವಿಷಯದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುತ್ತದೆ, ಏಕೆಂದರೆ ಅದು ಮಗುವಿನ ಜೊತೆಗೆ ಹೆತ್ತವರ ಅಭಿಪ್ರಾಯವನ್ನೂ ಪರೀಕ್ಷೆಗೆ ಒಡ್ಡಿತು. 12ರಿಂದ 18 ತಿಂಗಳ ಮಕ್ಕಳಿಗೆ ಮಾತು ಕಲಿಸುವುದಾಗಿ ಹೇಳಿಕೊಂಡು ಮಾರಾಟವಾಗುತ್ತಿದ್ದ ಒಂದು ಡಿವಿಡಿಯನ್ನು ನಾಲ್ಕು ವಾರ ಮನೆಯಲ್ಲೇ ತೋರಿಸಿದರು. ಒಂದು ಗುಂಪಿನ ಮಕ್ಕಳು ತಾಯಿಯೊಡನೆ ಕೂತು ನೋಡಿದರು, ಇನ್ನೊಂದು ಗುಂಪಿನವರು ತಾವೇ ನೋಡಿದರು. ಮೂರನೆಯ ಗುಂಪಿಗೆ ಡಿವಿಡಿಯೇ ಇಲ್ಲ. ಅದರಲ್ಲಿದ್ದ ಪದಗಳ ಪಟ್ಟಿಯನ್ನು ಹೆತ್ತವರ ಕೈಗೆ ಕೊಟ್ಟು, ಮನೆಯ ಮಾತುಕತೆಯಲ್ಲಿ ತೋಚಿದ ಹಾಗೆ ಕಲಿಸಿ ಎಂದರು. ನಾಲ್ಕನೆಯ ಗುಂಪಿಗೆ ಏನೂ ಇಲ್ಲ. ತಿಂಗಳ ಕೊನೆಗೆ ಡಿವಿಡಿ ನೋಡಿದ ಮಕ್ಕಳು ಏನೂ ನೋಡದ ಮಕ್ಕಳಿಗಿಂತ ಹೆಚ್ಚು ಪದ ಕಲಿತಿರಲಿಲ್ಲ. ಹೆಚ್ಚು ಕಲಿತವರು ಪಟ್ಟಿ ಹಿಡಿದ ಹೆತ್ತವರ ಮಕ್ಕಳು. ಇದಕ್ಕಿಂತ ಮುಖ್ಯವಾದ ಕೊನೆಯ ಸಾಲೊಂದಿದೆ: ಡಿವಿಡಿ ಯಾವ ತಾಯಿತಂದೆಗೆ ಹೆಚ್ಚು ಹಿಡಿಸಿತ್ತೋ ಅವರು ಮಗು ಕಲಿತದ್ದನ್ನು ಇದ್ದದ್ದಕ್ಕಿಂತ ಹೆಚ್ಚಾಗಿ ಅಂದಾಜಿಸಿದ್ದರು.

ಏಕೆ ಹೀಗಾಗುತ್ತದೆ? ಒಂದೂವರೆ ವರ್ಷದ ಮಗು ದಿನದಿನಕ್ಕೆ ಹೊಸ ಪದ ಆಡುವ ವಯಸ್ಸಿನಲ್ಲಿದೆ. ಆ ತಿಂಗಳು ಟಿವಿ ಇದ್ದರೂ ಆಡುತ್ತಿತ್ತು, ಇಲ್ಲದಿದ್ದರೂ ಆಡುತ್ತಿತ್ತು. ಬೆಳೆ ತಾನಾಗಿ ಏರಿದಾಗ ಹತ್ತಿರ ನಿಂತವನಿಗೆ ಶ್ರೇಯಸ್ಸು ಸಲ್ಲುತ್ತದೆ. ಮಗು ‘ರೆಡ್’ ಎಂದಾಗ ತಾಯಿಗೆ ಟಿವಿ ನೆನಪಾಗುತ್ತದೆ, ಅದೇ ಮಗು ‘ಮಜ್ಜಿಗೆ’ ಎಂದಾಗ ತಾನೇ ಕಲಿಸಿದ್ದೆಂದು ಅವಳಿಗೆ ಹೊಳೆಯುವುದೇ ಇಲ್ಲ. ತನ್ನ ಪಾಠವನ್ನು ತಾನೇ ಎಣಿಸದ ಗುರು ಈಕೆ.

ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ 2003ರಲ್ಲಿ ತೋರಿಸಿದ್ದೂ ಇದರ ಜೊತೆಗೇ ಓದಬೇಕಾದದ್ದು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳ ಮುಂದೆ ಚೀನೀ ಮಾತನಾಡುವವರು ಕೂತು 12 ಬಾರಿ ಆಡಿಸಿದಾಗ ಕೂಸುಗಳು ಆ ಭಾಷೆಯ ಧ್ವನಿಭೇದಗಳನ್ನು ಹಿಡಿದವು. ಅದೇ ಜನ, ಅದೇ ಮಾತು, ಅದೇ ಆಟಿಕೆ ಪರದೆಯ ಮೇಲೆ ಬಂದಾಗ ಏನೂ ಹಿಡಿಯಲಿಲ್ಲ. ಹಾಗಾದರೆ ಪರದೆಯೇ ದೋಷವೆ? ಅಲ್ಲವೆಂದು 2014ರ ಇನ್ನೊಂದು ಪ್ರಯೋಗ ಹೇಳುತ್ತದೆ. ರೋಸ್‌ಬೆರಿ ಮತ್ತು ಸಂಗಡಿಗರು ಎರಡು, ಎರಡೂವರೆ ವರ್ಷದ ಮಕ್ಕಳಿಗೆ ವಿಡಿಯೊ ಕರೆಯಲ್ಲಿ ಹೊಸ ಕ್ರಿಯಾಪದ ಕಲಿಸಿದರು, ಕಲಿತವು. ಮೊದಲೇ ಚಿತ್ರಿಸಿಟ್ಟ ವಿಡಿಯೊದಿಂದ ಕಲಿಯಲಿಲ್ಲ. ಕರೆಯಲ್ಲಿ ಆಚೆಯವರು ಮಗುವಿನ ತೊದಲಿಗೆ ಕಾದು ಉತ್ತರಿಸುತ್ತಾರೆ. ಈ ಉತ್ತರವೇ ತಿರುಳು. ಬೆಂಗಳೂರಿಗೆ ದುಡಿಯಲು ಹೋದ ಅಪ್ಪ ರಾತ್ರಿ ಹತ್ತು ನಿಮಿಷ ವಿಡಿಯೊ ಕರೆ ಮಾಡಿ ‘ಏನು ಉಂಡೆ?’ ಎಂದು ಕೇಳುವುದು ಹಗಲೆಲ್ಲ ಓಡುವ ಶಿಶುಗೀತೆಗಿಂತ ದೊಡ್ಡ ಪಾಠ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಮಾರ್ಗಸೂಚಿಯೂ ಎರಡು ವರ್ಷದೊಳಗೆ ಪರದೆ ಬೇಡವೆನ್ನುವಾಗ ಬಂಧುಗಳೊಡನೆ ವಿಡಿಯೊ ಕರೆಯನ್ನು ಮಾತ್ರ ಹೊರಗಿಟ್ಟಿದೆ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹಾಕಿದ ಗೆರೆಯೂ ಹೆಚ್ಚುಕಡಿಮೆ ಇದೇ.

ಮೂರು ವರ್ಷ ದಾಟಿದ ಮೇಲೆ ಚಿತ್ರ ಬದಲಾಗುತ್ತದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಮೂರರಿಂದ ಐದು ವರ್ಷದವರಿಗೆ ಮಕ್ಕಳ ಕಾರ್ಯಕ್ರಮವೊಂದರ ಒಂದೇ ಕಂತನ್ನು ಐದು ದಿನ ತೋರಿಸಿದ 1999ರ ಅಮೆರಿಕದ ಅಧ್ಯಯನವೊಂದರಲ್ಲಿ ಅರ್ಥಗ್ರಹಿಕೆ ದಿನದಿಂದ ದಿನಕ್ಕೆ ಏರಿತು, ಮಕ್ಕಳು ಪರದೆಯ ಪ್ರಶ್ನೆಗೆ ಕೂಗಿ ಉತ್ತರಿಸತೊಡಗಿದರು. ‘ಅದನ್ನೇ ಎಷ್ಟು ಸಲ ನೋಡ್ತೀಯೋ’ ಎಂದು ಬೇಸರಪಡುವ ಅಮ್ಮಂದಿರಿಗೆ ಇದು ಸಮಾಧಾನದ ಸುದ್ದಿ. ಎಲ್ಲ ಕಾರ್ಯಕ್ರಮವೂ ಒಂದೇ ಅಲ್ಲ ಎಂಬುದೂ ಖಚಿತ: 2011ರಲ್ಲಿ ಲಿಲ್ಲಾರ್ಡ್ ಮತ್ತು ಪೀಟರ್‌ಸನ್ ನಾಲ್ಕು ವರ್ಷದ 60 ಮಕ್ಕಳಲ್ಲಿ ಕೆಲವರಿಗೆ ಒಂಬತ್ತು ನಿಮಿಷ ವೇಗದ ಕಾರ್ಟೂನ್ ತೋರಿಸಿದಾಗ, ನಿಧಾನದ ಕಾರ್ಯಕ್ರಮ ನೋಡಿದವರಿಗಿಂತಲೂ ಚಿತ್ರ ಬರೆಯುತ್ತ ಕೂತವರಿಗಿಂತಲೂ ಅವರ ತಾಳ್ಮೆ, ಗಮನ ಒಡನೆಯೇ ತಗ್ಗಿದ್ದು ಕಂಡಿತು.

ಇನ್ನು ಭಾಷೆ. ಈ ಸೀಮೆಯಲ್ಲಿ ಇದು ಬೇರೆಡೆಗಿಂತ ತೊಡಕಿನ ಪ್ರಶ್ನೆ. ಮೊಳಕಾಲ್ಮೂರಿಗೆ ಆಂಧ್ರದ ರಾಯದುರ್ಗ ಕೂಗಳತೆಯಲ್ಲಿದೆ. ಹಲವು ಮ್ಯಾಸನಾಯಕರ ಮನೆಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪೇಟೆಯ ಕೆಲವು ಓಣಿಗಳಲ್ಲಿ ಉರ್ದು, ಅಂಗನವಾಡಿಯಲ್ಲಿ ಕನ್ನಡ. ಇದರ ಮೇಲೆ ಟಿವಿ ತರುವುದು ಹಿಂದಿ ಕಾರ್ಟೂನ್, ಇಂಗ್ಲಿಷ್ ಶಿಶುಗೀತೆ. ಕನ್ನಡಕ್ಕೆ ಮೀಸಲಾದ ಮಕ್ಕಳ ವಾಹಿನಿ ಚಿಂಟು ಟಿವಿ ಬಂದದ್ದೇ 2009ರಲ್ಲಿ. ಡಬ್ಬಿಂಗ್ ಬೇಡವೆಂಬ ನಿಲುವು ಕನ್ನಡ ಚಿತ್ರರಂಗ, ಕಿರುತೆರೆಗಳಲ್ಲಿ ದಶಕಗಳ ಕಾಲ ಬಲವಾಗಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್‌ಗೆ ಒಡ್ಡಿದ ತಡೆಯನ್ನು ಕಾನೂನುಬಾಹಿರವೆಂದು ಹೇಳಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಸೇರಿದಂತೆ ಸಂಸ್ಥೆಗಳಿಗೆ ದಂಡ ಹಾಕಿತು. ಆ ವಾದದ ಎರಡೂ ಕಡೆ ಕಲಾವಿದರ ಅನ್ನ, ಪ್ರೇಕ್ಷಕರ ಹಕ್ಕು ಚರ್ಚೆಯಾದಷ್ಟು ಮೂರು ವರ್ಷದ ನೋಡುಗನ ಭಾಷೆ ಚರ್ಚೆಯಾಗಲಿಲ್ಲ ಎಂಬುದು ನನ್ನ ಕೊರಗು. ಇನ್ನೂ ಹಿಂದಕ್ಕೆ ಹೋದರೂ ಇದೇ ಕಥೆ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಉಪಗ್ರಹ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತಂದಿತು. ಕರ್ನಾಟಕದಲ್ಲಿ ಅದು ಗುಲ್ಬರ್ಗ, ರಾಯಚೂರು, ಬಿಜಾಪುರಗಳಿಗೆ ಬಂತು, ಚಿತ್ರದುರ್ಗಕ್ಕಲ್ಲ. ಬೆಳಗಿನ ಮಕ್ಕಳ ಕಾರ್ಯಕ್ರಮ ಐದರಿಂದ ಹನ್ನೆರಡು ವರ್ಷದವರಿಗೆ ಎಂದು ಯೋಜಿಸಿದ್ದು. ಐದರ ಕೆಳಗಿನವರು ಅಂದೂ ಲೆಕ್ಕದಲ್ಲಿರಲಿಲ್ಲ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳು ತಂದೆತಾಯಿಯರ ಸೇವೆ ಮಾಡಬೇಕೆಂದು ಹೇಳುತ್ತವೆ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಾದ ಮಹಾಮಾತ್ರರಿಗೆ ಬಂದ ಆ ಸಂದೇಶದ ಭಾಷೆ ಪ್ರಾಕೃತ. ಬಂಡೆಗೂ ಇಲ್ಲಿನ ಜನಕ್ಕೂ ನಡುವೆ ಓದಿ ಬಿಡಿಸಿ ಹೇಳುವವರೊಬ್ಬರು ಬೇಕೇಬೇಕಿತ್ತು. ಪರಭಾಷೆಯ ಪರದೆಯ ಮುಂದೆ ಕೂತ ಮಗುವಿಗೂ ಅಂಥವರೊಬ್ಬರು ಬೇಕು. ‘ಅದು ಆನೆ, ನೋಡು, ನಮ್ಮೂರ ಜಾತ್ರೆಗೆ ಬಂದಿತ್ತಲ್ಲ’ ಎನ್ನುವ ಅಜ್ಜಿ ಪಕ್ಕದಲ್ಲಿದ್ದರೆ ಹಿಂದಿ ಕಾರ್ಟೂನ್ ಕೂಡ ಕನ್ನಡದ, ತೆಲುಗಿನ ಪಾಠವಾಗುತ್ತದೆ. ಇದೇ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯಲ್ಲಿ ಅಕ್ಷರ ಕಲಿಯದ ಜನಪದ ಗಾಯಕಿ ಸಿರಿಯಜ್ಜಿ ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಹೊತ್ತಿದ್ದರು. ನಮ್ಮ ಅಜ್ಜಿಯರಿಗೆ ಮಾತು ಕಡಿಮೆಯಾಗಿಲ್ಲ. ಟಿವಿ ಹಾಕಿದ ಮೇಲೆ ತಾವು ಆಡಬೇಕಿಲ್ಲ ಎಂಬ ನಂಬಿಕೆ ಬಂದುಬಿಟ್ಟಿದೆ.

ಅಜ್ಜಿಯ ಹೆಸರು ಬಂದದ್ದರಿಂದ ಸಂಜೆಯ ಧಾರಾವಾಹಿಯನ್ನೂ ಹೇಳಬೇಕು. ‘ನಮ್ಮ ಮಗು ಟಿವಿ ನೋಡಲ್ಲ, ನಾವು ನೋಡ್ತೀವಿ ಅಷ್ಟೆ’ ಎನ್ನುವ ಮನೆಗಳಿವೆ. ದೊಡ್ಡವರ ಕಾರ್ಯಕ್ರಮ ಹಿನ್ನೆಲೆಯಲ್ಲಿ ಓಡುತ್ತಿದ್ದಾಗ ಒಂದರಿಂದ ಮೂರು ವರ್ಷದ ಮಕ್ಕಳ ಆಟ ತುಂಡುತುಂಡಾಗುತ್ತದೆಂದು 2008ರ ಅಧ್ಯಯನ, ಹೆತ್ತವರು ಮಗುವಿನೊಡನೆ ಆಡುವ ಮಾತೂ ಒಡನಾಟವೂ ಕುಗ್ಗುತ್ತದೆಂದು 2009ರ ಅಧ್ಯಯನ ತೋರಿಸಿವೆ. ನೋಡದ ಟಿವಿಯೂ ಲೆಕ್ಕಕ್ಕೆ ಸೇರುತ್ತದೆ.

ಊಟದ ಮಾತನ್ನು ಬೇಗ ಮುಗಿಸಬಹುದು. ಪರದೆ ನೋಡುತ್ತ ಉಣ್ಣುವ ಮಗು ಹಸಿವನ್ನೂ ಹೊಟ್ಟೆ ತುಂಬಿದ್ದನ್ನೂ ಸರಿಯಾಗಿ ಗಮನಿಸದೆ ಹೋಗಬಹುದು. ತಟ್ಟೆ ಖಾಲಿಯಾಯಿತೆಂಬ ತಾಯಿಯ ಸಮಾಧಾನ ಆ ಹೊತ್ತಿಗಷ್ಟೇ ನಿಜ.

ಹಾಗಿದ್ದರೆ ಕೇಳಬೇಕಾದ ಪ್ರಶ್ನೆಯೇ ಬದಲಾಗಬೇಕು. ಯಾವ ಕಾರ್ಯಕ್ರಮ ಒಳ್ಳೆಯದು ಎಂದು ತಾಯಂದಿರನ್ನು ಕೇಳುವ ಮೊದಲು, ಟಿವಿ ಓಡುವಾಗ ಮಗುವಿನ ಪಕ್ಕ ಯಾರಿರುತ್ತಾರೆ ಎಂದು ಕೇಳಬೇಕು. ಉತ್ತರ ‘ಯಾರೂ ಇಲ್ಲ’ ಎಂದಾದರೆ ದೋಷ ತಾಯಿಯದಲ್ಲ, ಆ ಮನೆಯ ದುಡಿಮೆಯ ಹೊತ್ತಿನದು. ಅದಕ್ಕೆ ಉಪದೇಶ ಮದ್ದಲ್ಲ. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಮೂರು ವರ್ಷ ತುಂಬಿದವರಿಗೆ. ಅದಕ್ಕಿಂತ ಚಿಕ್ಕವರಿಗಾಗಿ 2023–24ರ ಆಯವ್ಯಯದಲ್ಲಿ ಘೋಷಣೆಯಾಗಿ 4,000 ಗ್ರಾಮ ಪಂಚಾಯಿತಿಗಳನ್ನು ಗುರಿಯಾಗಿಟ್ಟುಕೊಂಡ ‘ಕೂಸಿನ ಮನೆ’ ಯೋಜನೆ ಸರಿಯಾದ ದಿಕ್ಕಿನ ಹೆಜ್ಜೆ. ಆದರೆ ಅದು ಉದ್ಯೋಗ ಖಾತರಿಯ ಕೂಲಿ ತಾಯಂದಿರನ್ನು ಮನಸ್ಸಿನಲ್ಲಿಟ್ಟು ಕಟ್ಟಿದ್ದು. ಮನೆಯೊಳಗೇ ದುಡಿಯುವ ಮೊಳಕಾಲ್ಮೂರು ಪಟ್ಟಣದ ನೇಕಾರಳು ಅದರ ಬಾಗಿಲಿಗೆ ಬರಲಾರಳು. ಪಟ್ಟಣ ಪಂಚಾಯಿತಿಯೂ ಕೈಮಗ್ಗ ಇಲಾಖೆಯೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯೂ ಕೂತು, ಮಗ್ಗದ ಓಣಿಗಳಲ್ಲಿ ಮೂರು ವರ್ಷದೊಳಗಿನವರಿಗೆ ಒಂದೊಂದು ಕೂಸಿನ ಮನೆ ತೆರೆಯಲಿ. ಅಲ್ಲಿ ಕನ್ನಡವೂ ತೆಲುಗೂ ಬಲ್ಲ ಹೆಂಗಸರು ಮಕ್ಕಳೊಡನೆ ಮಾತಾಡುತ್ತ ಇರಲಿ.