ಆರಕ್ಕೆ ಬಿದ್ದದ್ದೋ, ಆರು ತುಂಬಿದ್ದೋ: ಕಾಶ್ಯಪಸಂಹಿತೆಯ ಹತ್ತನೇ ತಿಂಗಳ ಅನ್ನಪ್ರಾಶನ

ಅನ್ನಪ್ರಾಶನವನ್ನು ‘ಹಾಲು ಬಿಡಿಸುವ ಸಂಸ್ಕಾರ’ ಎಂದು ಕರೆದವರು ನನಗಿಂತ ಬಹಳ ಹಿರಿಯರು, ಸಂಸ್ಕೃತವನ್ನು ನನಗಿಂತ ಚೆನ್ನಾಗಿ ಬಲ್ಲವರು. ಅವರ ಲೇಖನದಲ್ಲಿ ಇನ್ನೂ ಎರಡು ಮಾತುಗಳಿದ್ದವು. ಆರು ತಿಂಗಳು ಬರೀ ಎದೆಹಾಲು ಎಂಬ ಇಂದಿನ ವೈದ್ಯಕೀಯ ನಿಯಮ ನಮ್ಮ ಪ್ರಾಚೀನರಿಗೆ ಮೊದಲೇ ಗೊತ್ತಿತ್ತು ಎಂಬುದು ಒಂದು. ಮಕ್ಕಳ ವೈದ್ಯದ ಹಳೆಯ ಗ್ರಂಥವಾದ ಕಾಶ್ಯಪಸಂಹಿತೆ ಅನ್ನಪ್ರಾಶನವನ್ನು ಹತ್ತನೇ ತಿಂಗಳಿಗೆ ಹಾಕಿರುವುದು ಲಿಪಿಕಾರನ ಕೈತಪ್ಪು, ಅಲ್ಲದಿದ್ದರೆ ಯಾವನೋ ಈಚಿನವನ ಸೇರ್ಪಡೆ, ಹಾಗಾಗಿ ಗಮನಿಸಬೇಕಾದ್ದಿಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ನಾನೂ ವರ್ಷಗಟ್ಟಲೆ ಪಾಠದಲ್ಲಿ ಹೇಳಿದ್ದೇನೆ. ಎರಡನೆಯದನ್ನು ಮಾತ್ರ ಎಂದೂ ನುಂಗಲಾಗಲಿಲ್ಲ. ಅದನ್ನು ಕೆದಕುತ್ತ ಹೋದಾಗ ಮೊದಲನೆಯದೂ ಕೈಬಿಟ್ಟಿತು.

ಆರನೆಯ ತಿಂಗಳಿನಿಂದಲೇ ಶುರುಮಾಡೋಣ. ಆಶ್ವಲಾಯನ, ಪಾರಸ್ಕರ ಗೃಹ್ಯಸೂತ್ರಗಳು, ಮನುಸ್ಮೃತಿ, ಎಲ್ಲವೂ ಹೇಳುವುದು ‘ಷಷ್ಠೇ’ ಎಂದು. ಅದು ಪೂರಣಸಂಖ್ಯೆ. ಇದನ್ನು ವಿವರಿಸಲು ಪಾಣಿನಿ ಬೇಡ, ನಮ್ಮ ಮನೆಯ ಹೆಂಗಸರ ಮಾತೇ ಸಾಕು: ‘ಐದು ತುಂಬಿ ಆರಕ್ಕೆ ಬಿತ್ತು’ ಎನ್ನುವುದೇ ಬೇರೆ, ‘ಆರು ತುಂಬಿತು’ ಎನ್ನುವುದೇ ಬೇರೆ. ಷಷ್ಠಮಾಸ ಎಂದರೆ ಆರಕ್ಕೆ ಬಿದ್ದ ಮಗು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಹೇಳಿದ್ದು ಆರು ತುಂಬಿದ ಮಗುವಿನ ಮಾತು, ಅಂದರೆ 180 ದಿನ. ನಡುವೆ ಒಂದು ತಿಂಗಳವರೆಗೂ ಅಂತರ ಬೀಳಬಹುದು. ಎಳೆಗೂಸಿನ ಹೊಟ್ಟೆಗೆ ಅದು ಚಿಕ್ಕ ಅವಧಿಯಲ್ಲ. (ಸುಶ್ರುತನ ‘ಷಣ್ಮಾಸಂ’ ಎಂಬ ಪದವನ್ನು ಎರಡೂ ಕಡೆಗೆ ಎಳೆಯಬಹುದು, ಒಪ್ಪುತ್ತೇನೆ. ಎಳೆಯಬಹುದಾದ ಪದದ ಮೇಲೆ ಸಿದ್ಧಾಂತ ಕಟ್ಟಬಾರದು ಎಂಬುದಷ್ಟೇ ನನ್ನ ತಕರಾರು.) 2001ಕ್ಕೆ ಮೊದಲು ಅದೇ ಸಂಸ್ಥೆ ನಾಲ್ಕರಿಂದ ಆರು ತಿಂಗಳು ಎನ್ನುತ್ತಿತ್ತು. ಶಿಶು ಆಹಾರದ ಮಾರಾಟಕ್ಕೆ ಕಡಿವಾಣ ಹಾಕಿದ ನಮ್ಮ 1992ರ ಕಾಯ್ದೆಯಲ್ಲೂ ಇದ್ದದ್ದು ನಾಲ್ಕೇ. ಅದು ಆರಾದದ್ದು 2003ರ ತಿದ್ದುಪಡಿಯಲ್ಲಿ. ನಮ್ಮ ಹಿರಿಯರು ತಮ್ಮ ಲೇಖನವನ್ನು 1995ರಲ್ಲಿ ಬರೆದಿದ್ದರೆ ಪ್ರಾಚೀನರ ದೂರದೃಷ್ಟಿ ಎಷ್ಟು ತಿಂಗಳದ್ದಾಗುತ್ತಿತ್ತೋ!

‘ಬರೀ ಎದೆಹಾಲು’ ಎಂಬ ಭಾಗವೂ ನಿಲ್ಲುವುದಿಲ್ಲ. ಹೆತ್ತ ಮೂರು ನಾಲ್ಕು ರಾತ್ರಿಗಳ ನಂತರವೇ ಹಾಲು ಇಳಿಯುವುದು ಎಂದು ಶಾರೀರಸ್ಥಾನದಲ್ಲಿ ಹೇಳುವ ಸುಶ್ರುತ, ಅಲ್ಲಿಯವರೆಗೆ ಜೇನುತುಪ್ಪ ಸೇರಿದ, ಮೂಲಿಕೆ ಸೇರಿದ ತುಪ್ಪ ನೆಕ್ಕಿಸಲು ಹೇಳುತ್ತಾನೆ. ಇಂದು ಯಾವ ಮಕ್ಕಳ ವೈದ್ಯರೂ ವರ್ಷದೊಳಗಿನ ಮಗುವಿಗೆ ಜೇನು ಮುಟ್ಟಿಸಲು ಬಿಡುವುದಿಲ್ಲ; ಇಂದು ನಾವು ಮೊದಲ ಲಸಿಕೆಯೆಂದು ಕೊಂಡಾಡುವ ಗಿಣ್ಣುಹಾಲಿಗೆ ಆ ಕ್ರಮದಲ್ಲಿ ಜಾಗವೇ ಇಲ್ಲ. ಇನ್ನು ಮುಹೂರ್ತದವರು ಗಂಡಿಗೆ ಆರು, ಎಂಟು ಎಂದು ಸಮ ತಿಂಗಳು, ಹೆಣ್ಣಿಗೆ ಐದು, ಏಳು ಎಂದು ಬೆಸ ತಿಂಗಳು ನೋಡುತ್ತಾರೆ. ಹೆಣ್ಣುಮಗುವಿನ ಕರುಳು ಒಂದು ತಿಂಗಳು ಮೊದಲೇ ಬಲಿಯುತ್ತದೆಂದು ಯಾರೂ ವಾದಿಸಲಾರರು. ಅಲ್ಲಿ ಲೆಕ್ಕ ಹಾಕಿದ್ದು ಶುಭವನ್ನು, ಜೀರ್ಣವನ್ನಲ್ಲ.

ಈಗ ಹತ್ತನೇ ತಿಂಗಳು. ಕಾಶ್ಯಪಸಂಹಿತೆ ನಮಗೆ ದಕ್ಕಿದ್ದು ನೇಪಾಳದ ತಾಳೆಗರಿಗಳಿಂದ, ಅದೂ ನಡುನಡುವೆ ಗರಿ ಕಳೆದುಹೋದ ಸ್ಥಿತಿಯಲ್ಲಿ. ಹೇಮರಾಜ ಶರ್ಮರ ದೀರ್ಘ ಉಪೋದ್ಘಾತದೊಡನೆ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯ ಅದನ್ನು 1938ರಲ್ಲಿ ಅಚ್ಚುಹಾಕಿತು. ಅದರ ಖಿಲಸ್ಥಾನದ, ಅಂದರೆ ಪರಿಶಿಷ್ಟ ಭಾಗದ, ಜಾತಕರ್ಮೋತ್ತರೀಯ ಅಧ್ಯಾಯದಲ್ಲಿ ಒಂದಲ್ಲ, ಎರಡು ಪ್ರಾಶನಗಳಿವೆ: ಆರನೇ ತಿಂಗಳಿಗೆ ಫಲಪ್ರಾಶನ, ಅಂದರೆ ಹಣ್ಣು; ಹತ್ತನೇ ತಿಂಗಳಿಗೆ ಅನ್ನ.

ಕೈತಪ್ಪು ಎಂಬ ವಾದವನ್ನೇ ಮೊದಲು ನೋಡೋಣ. ಲಿಪಿಕಾರ ತಪ್ಪುವುದು ಒಂದನ್ನೊಂದು ಹೋಲುವ ಅಕ್ಷರಗಳಲ್ಲಿ, ಇಲ್ಲವೆ ಸಾಲು ಜಿಗಿದಾಗ. ‘ಷಷ್ಠೇ’ಗೂ ‘ದಶಮೇ’ಗೂ ಕೊನೆಯ ಏಕಾರ ಬಿಟ್ಟರೆ ಕೂಡುವುದೇನೂ ಇಲ್ಲ. ಅದೂ ಹೋಗಲಿ. ಅವರು ಹೇಳಿದಂತೆ ತಿದ್ದಿದರೆ ಏನಾಗುತ್ತದೆ? ಹಣ್ಣೂ ಆರರಲ್ಲಿ, ಅನ್ನವೂ ಆರರಲ್ಲಿ. ಒಂದೇ ತಿಂಗಳಲ್ಲಿ ಎರಡನ್ನೂ ಮುಟ್ಟಿಸುವುದಾದರೆ ಹಣ್ಣಿಗೆ ಬೇರೆ ಹೆಸರು, ಬೇರೆ ಕಾಲ ಏಕೆ ಬೇಕಿತ್ತು? ಹತ್ತು ಎಂಬುದು ಇರುವುದರಿಂದಲೇ ಆರರಲ್ಲಿನ ಫಲಪ್ರಾಶನಕ್ಕೆ ಅರ್ಥ. ಒಂದನ್ನು ಕಿತ್ತರೆ ಇನ್ನೊಂದೂ ಬೀಳುತ್ತದೆ. ಗೃಹ್ಯಸೂತ್ರದ ಜೊತೆ ಹೊಂದಿಸಬೇಕೆಂಬ ಆತುರದಲ್ಲಿ ಅವರು ಪಕ್ಕದ ವಾಕ್ಯವನ್ನೇ ನೋಡಲಿಲ್ಲ ಎಂದು ಹೇಳಲು ನನಗೆ ಸಂಕೋಚವಿದೆ. ಆದರೂ ನಡೆದದ್ದು ಅದೇ.

ಈಚಿನ ಸೇರ್ಪಡೆ ಎಂಬ ಮಾತಿಗೆ ಹೆಚ್ಚು ತೂಕವಿದೆ. ಗ್ರಂಥ ಮರೆಯಾಗಿತ್ತು, ವಾತ್ಸ್ಯನು ಅದನ್ನು ಮರಳಿ ಪಡೆದು ಸಂಸ್ಕರಿಸಿದ, ಖಿಲವನ್ನು ಸೇರಿಸಿದ ಎಂದು ಸಂಹಿತೆಯೇ ಹೇಳಿಕೊಳ್ಳುತ್ತದೆ. ಸರಿ, ಈಚಿನದೇ ಇರಲಿ. ಈಚಿನದು ಎಂದ ಮಾತ್ರಕ್ಕೆ ಕಸವೆ? ಸುಶ್ರುತನಿಗೆ ಮಗುವಿನ ಮೊದಲ ತುತ್ತು ಗರ್ಭಿಣಿ, ಬಾಣಂತಿಯರ ಅಧ್ಯಾಯದ ತುದಿಯಲ್ಲಿ ಬರುವ ಒಂದು ಮಾತು; ಹಗುರವಾದ, ಹಿತವಾದ ಅನ್ನ ಎಂದು ಹೇಳಿ ಮುಂದೆ ನಡೆಯುತ್ತಾನೆ. ಕಾಶ್ಯಪಸಂಹಿತೆಗೆ ಮಗುವೇ ವಿಷಯ. ಸಂಸ್ಕಾರದ ತಿಂಗಳು ಗೊತ್ತಿದ್ದೂ ಅದರಿಂದ ಸರಿದ ವೈದ್ಯನೊಬ್ಬನಿಗೆ ಸರಿಯಲು ಕಾರಣವಿರಬೇಕು. ರುಚಿ ತೋರಿಸುವುದಕ್ಕೂ ಧಾನ್ಯದ ಭಾರ ಹೊರಿಸುವುದಕ್ಕೂ ಬೇರೆ ಬೇರೆ ಕಾಲ ಎಂದು ಅವನು ಭಾವಿಸಿದ್ದ ಎಂಬುದು ನನ್ನ ಊಹೆ. ಹರಿದ ಪ್ರತಿಯ ಮೇಲೆ ಇದಕ್ಕಿಂತ ಹೆಚ್ಚು ಹೊರೆ ಹೇರಲಾರೆ. ಅವನು ಹೇಳಿದ್ದೇ ಸರಿ ಎಂಬ ವಾದವೂ ನನ್ನದಲ್ಲ: ಆರು ತಿಂಗಳ ಮೇಲೆ ಮಗುವಿಗೆ ಬೇಕಾದ ಕಬ್ಬಿಣಾಂಶವನ್ನು ಎದೆಹಾಲೊಂದೇ ಪೂರೈಸದು, ಹಣ್ಣೂ ಆ ಕೊರತೆ ತುಂಬದು. ಇಂದಿನ ತಾಯಿ ಹತ್ತರವರೆಗೆ ಕಾಯಬಾರದು.

‘ಹಾಲು ಬಿಡಿಸುವ ಸಂಸ್ಕಾರ’ ಎಂಬ ಮಾತು ಹುಟ್ಟಿದ್ದು ಎಲ್ಲಿ? ಸಂಸ್ಕೃತದಲ್ಲಲ್ಲ, ಕನ್ನಡದಲ್ಲೂ ಅಲ್ಲ. ಇಂಗ್ಲಿಷಿನ ‘ವೀನಿಂಗ್’ ಒಂದೇ ಪದ ಎರಡು ಕೆಲಸ ಮಾಡುತ್ತದೆ: ಅನ್ನ ಶುರುಮಾಡುವುದೂ ಅದೇ, ಮೊಲೆ ಬಿಡಿಸುವುದೂ ಅದೇ. ಆ ಪದದ ಕನ್ನಡಕದಿಂದ ನೋಡಿದವರಿಗೆ ಎರಡೂ ಒಂದಾಗಿ ಕಂಡವು. ನಮ್ಮಲ್ಲಿ ಅನ್ನ ‘ಮುಟ್ಟಿಸುತ್ತಾರೆ’, ಹಾಲು ‘ಬಿಡಿಸುತ್ತಾರೆ’. ನಡುವೆ ಒಂದು ವರ್ಷವೋ ಎರಡು ವರ್ಷವೋ ಕಳೆದಿರುತ್ತದೆ. ವಾಗ್ಭಟನೂ ಬಿಡಿಸುವ ಮಾತನ್ನು ಅನ್ನಪ್ರಾಶನಕ್ಕೆ ಗಂಟುಹಾಕದೆ ಹಲ್ಲು ಮೂಡುವುದಕ್ಕೆ ಹೊಂದಿಸಿದ, ಅದಕ್ಕೂ ‘ಕ್ರಮೇಣ’ ಎಂದು ಸೇರಿಸಿದ. ಆ ಕ್ರಮದ ದಾರಿಯಲ್ಲಿ ಅವನು ಕೊಡಿಸುವ ಉಂಡೆಯಲ್ಲಿ ಚಾರೋಳಿ ಬೀಜ, ಜೇಷ್ಠಮಧು, ಜೇನು, ಸಕ್ಕರೆ ಇವೆ, ಅರಳೂ ಇದೆ. ನನ್ನ ಕಣ್ಣು ನಿಂತದ್ದು ಅರಳಿನ ಮೇಲೆ. ಅದು ಹಸಿ ಧಾನ್ಯವಲ್ಲ, ಕಾವಿನಲ್ಲಿ ಸಿಡಿದು ಆಗಲೇ ಅರ್ಧ ಬೆಂದದ್ದು.

ಧಾನ್ಯವನ್ನು ಮುಂದೂಡುವುದು ಒಂದು ದಾರಿ, ಹದಗೊಳಿಸುವುದು ಇನ್ನೊಂದು. ಎರಡನೆಯ ದಾರಿಯ ಅತ್ಯುತ್ತಮ ಆಧಾರ ಯಾವ ತಾಳೆಗರಿಯಲ್ಲೂ ಇಲ್ಲ, ಹಾಗಾಗಿ ನಮ್ಮ ಸಂಶೋಧಕರು ಅದನ್ನು ಆಧಾರವೆಂದೇ ಎಣಿಸಲಿಲ್ಲ. ನಮ್ಮಮ್ಮ ರಾಗಿ ಸರಿ ಮಾಡುತ್ತಿದ್ದದ್ದು ಹೀಗೆ: ರಾಗಿ ತೊಳೆದು, ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವಳು, ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಘಮ್ಮೆನ್ನುವಷ್ಟು ಹುರಿದು ಬೀಸುವಳು. ಆಮೇಲೆ ಪಾತ್ರೆಯ ಬಾಯಿಗೆ ಹಳೆಯ ಪಂಚೆಯ ತುಂಡು ಬಿಗಿದು ಹಿಟ್ಟನ್ನು ಅದರ ಮೇಲೆ ಬೆರಳಲ್ಲಿ ಆಡಿಸುವಳು. ಕೆಳಗೆ ಇಳಿದದ್ದು ಮಗುವಿಗೆ, ಬಟ್ಟೆಯ ಮೇಲೆ ಉಳಿದ ಹೊಟ್ಟು ಎಮ್ಮೆಗೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ 1982ರಲ್ಲಿ ಮೊಳಕೆ ಬರಿಸಿದ ರಾಗಿ, ಹೆಸರುಕಾಳುಗಳಿಂದ ಶಿಶು ಆಹಾರ ರೂಪಿಸಿ ಪ್ರಕಟಿಸಿದರು. ಮೊಳೆಯುವಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಗಂಜಿ ಅಂಟಾಗುವುದಿಲ್ಲ. ನೀರು ಹೆಚ್ಚು ಸುರಿಯದೆ, ಅಂದರೆ ಕಸುವು ಕಡಿಮೆಯಾಗದೆ, ತೆಳ್ಳಗೆ ಉಳಿಯುತ್ತದೆ. ಕೂಸಿನ ಹೊಟ್ಟೆ ಚಿಕ್ಕದಾದ್ದರಿಂದ ಇದು ಮುಖ್ಯ.

ಅಮ್ಮನಿಗೆ ಅಮೈಲೇಸ್ ಗೊತ್ತಿರಲಿಲ್ಲ. ಮೊಳಕೆ ಬರಿಸದ ರಾಗಿ ‘ಗಟ್ಟಿಯಾಗಿ ಕೂರುತ್ತೆ’ ಎನ್ನುತ್ತಿದ್ದಳು. ನನ್ನ ತಂಗಿಯ ಮಗನಿಗೆ ಸರಿ ಶುರುವಾದಾಗ, ಬಟ್ಟಲು ತಣ್ಣಗಾಗುತ್ತಿದ್ದರೂ, ಮೊದಲು ಮಗುವನ್ನು ಎದೆಗೆ ಹಾಕಿಕೋ ಎಂದು ತಂಗಿಗೆ ಹೇಳಿ, ಚಮಚ ಹಿಡಿದು ಪಕ್ಕದಲ್ಲಿ ಕಾಯುತ್ತ ಕೂತಿದ್ದಳು.