ರೇಶನ್ ಕಾರ್ಡು: ಒಂದು ಹೆಸರಿನ ತೂಕ

1943ರಲ್ಲಿ ಮುಂಬಯಿ ನಗರದಲ್ಲಿ ರೇಶನ್ ಶುರುವಾದಾಗ ನಮ್ಮ ಬೆಳಗಾವಿ ಜಿಲ್ಲೆಯೂ ಮುಂಬಯಿ ಪ್ರಾಂತದಲ್ಲೇ ಇತ್ತು. ಮುಂದೆ 2013ರ ಆಹಾರ ಭದ್ರತಾ ಕಾಯ್ದೆಯು ತಿಂಗಳಿಗೆ ಅಂತ್ಯೋದಯದ ಮನೆಗೆ 35 ಕೆ.ಜಿ., ಆದ್ಯತಾ ಕುಟುಂಬಕ್ಕೆ ತಲೆಗೆ 5 ಕೆ.ಜಿ. ಧಾನ್ಯವೆಂದು ಗೊತ್ತುಮಾಡಿತು. ಅಂದಿನಿಂದ ಆದ್ಯತಾ ಕಾರ್ಡಿನ ಒಂದೊಂದು ಹೆಸರಿಗೂ ಕಾಳಿನ ತೂಕ ಬಂತು.

ಹುಕ್ಕೇರಿಯ ಮಗಳು ಮೂಡಲಗಿಗೆ ಸೊಸೆಯಾಗಿ ಬಂದಳು ಅನ್ನೋಣ. ತವರಿನ ಕಾರ್ಡಿನಿಂದ ತೆಗೆಸದೆ ಅವಳ ಹೆಸರು ಇಲ್ಲಿ ಸೇರದು. ತವರಿನವರು “ಇರ್ಲಿ ಬಿಡ್ರಿ, ಏನಾಗ್ತೈತಿ” ಅಂದ್ರೆ, ಗಂಡನ ಮನೆಯಲ್ಲಿ ಅವಳ ಪಾಲು ತಪ್ಪಿತು. ತೀರಿಕೊಂಡ ಅಜ್ಜನ ಹೆಸರಿನ ಕಾಳು ಒಯ್ದರೆ ಅದೂ ಇನ್ನೊಬ್ಬ ಬಡವನ ಪಾಲೇ.

ಗೋಕಾಕದಿಂದ ಮೂಡಲಗಿ ಬೇರೆ ತಾಲೂಕಾದಾಗ ದಫ್ತರ ಬದಲಾಯಿತು. ಮನೆ ಬದಲಾದಾಗ ಕಾರ್ಡೂ ಬದಲಾಗಬೇಕು. ಸುದ್ದಿಯನ್ನು ತಾಲೂಕಿನ ಆಹಾರ ಶಾಖೆಗೆ ಮುಟ್ಟಿಸೋಣ. ಹಂಚಿ ಉಣ್ಣುವುದೇ ಸಹಕಾರ.