ಹಳೆಯ ಜೇಸಿಬಿಯ ಆಯಸ್ಸು

ಕನ್ನಡದಲ್ಲಿ ಸಲಿಕೆ ಬೇರೆ, ಗುದ್ದಲಿ ಬೇರೆ. ಸಲಿಕೆ ಮಣ್ಣನ್ನು ಮುಂದಕ್ಕೆ ತಳ್ಳಿ ಎತ್ತುತ್ತದೆ. ಗುದ್ದಲಿ ಹಿಡಿದವನು ಮಣ್ಣನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ಬ್ಯಾಕ್‌ಹೋ ಎಂಬ ಹೆಸರಿನ ಹಿಂದೆ ಇರುವುದು ಗುದ್ದಲಿ. ಯಂತ್ರದ ಹಿಂಬದಿಗೆ ಕೂತಿದೆ ಎಂದಲ್ಲ, ಮಣ್ಣನ್ನು ಹಿಂದಕ್ಕೆ ಎಳೆಯುತ್ತದೆ ಎಂದು ಆ ಹೆಸರು. ನಮ್ಮೂರುಗಳಲ್ಲಿ ಈ ಜಿಜ್ಞಾಸೆಗೆ ಜಾಗವಿಲ್ಲ. ಯಾವ ಕಂಪನಿಯದಾದರೂ ಅದು ಜೇಸಿಬಿಯೇ.

ಅದರ ಹುಟ್ಟು ಟ್ರ್ಯಾಕ್ಟರಿನಲ್ಲಿ. 1948ರಲ್ಲಿ ಅಮೆರಿಕದ ವೇಯ್ನ್-ರಾಯ್ ಕಂಪನಿ ಫೋರ್ಡ್ 8ಎನ್ ಟ್ರ್ಯಾಕ್ಟರಿಗೆ ಹೈಡ್ರಾಲಿಕ್ ತೋಳು ಕೂಡಿಸಿ, ಕನೆಕ್ಟಿಕಟ್‌ನ ವಿದ್ಯುತ್ ಕಂಪನಿಯೊಂದಕ್ಕೆ 705 ಡಾಲರಿಗೆ ಮಾರಿತು. 1953ರಲ್ಲಿ ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಹಿಂದೆ ಗುದ್ದಲಿ, ಮುಂದೆ ಸಲಿಕೆ ಎರಡನ್ನೂ ಒಂದೇ ಟ್ರ್ಯಾಕ್ಟರಿಗೆ ಕಟ್ಟಿದರು. ಅವರ ಹೆಸರಿನ ಮೂರು ಇಂಗ್ಲಿಷ್ ಅಕ್ಷರಗಳೇ ಇಂದು ನಮ್ಮ ನಾಮಪದ. 1979ರಲ್ಲಿ ಎಸ್ಕಾರ್ಟ್ಸ್ ಜೊತೆಗೂಡಿ ದೆಹಲಿ ಪಕ್ಕದ ಬಲ್ಲಭಗಢಕ್ಕೆ ಬಂದ ಕಂಪನಿ, 2003ರಲ್ಲಿ ಪೂರ್ತಿ ಬ್ರಿಟಿಷರದಾಯಿತು.

ಇಲ್ಲಿ ತಯಾರಾದ ಹಳೆಯ 3ಡಿ, 3ಡಿಎಕ್ಸ್ ಯಂತ್ರಗಳಲ್ಲಿ ಅನೇಕಕ್ಕೆ ಕಿರ್ಲೋಸ್ಕರ್ ಎಂಜಿನ್. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾಯರ ಮನೆತನ 1946ರಲ್ಲಿ ಪುಣೆಯಲ್ಲಿ ಆರಂಭಿಸಿದ ಡೀಸೆಲ್ ಎಂಜಿನ್ ಕಾರ್ಖಾನೆಯ ಹೆಸರು ಅದಾಗಲೇ ನೀರಾವರಿ ಪಂಪುಗಳ ಮೂಲಕ ಹಳ್ಳಿ ಸೇರಿತ್ತು. ಪಂಪು, ಟ್ರ್ಯಾಕ್ಟರ್ ಬಿಚ್ಚಿ ಪಳಗಿದ ಮೇಸ್ತ್ರಿಗೆ ಈ ಹಳದಿ ಯಂತ್ರ ಹೊಸದೆನಿಸಲಿಲ್ಲ. ದೇಶದ ಮೂಲೆಮೂಲೆಗೆ ಜೇಸಿಬಿ ಹರಡಿದ್ದಕ್ಕೆ ಜಾಹೀರಾತಿಗಿಂತ ಈ ಪರಿಚಯವೇ ಹೆಚ್ಚು ಕಾರಣವಿರಬೇಕು.

ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಇಂಧನವನ್ನು ಅಳೆದು ಸಿಡಿಸುವುದು ಗೇರುಗಳಿಂದ ತಿರುಗುವ ಪಂಪು. ಒಮ್ಮೆ ಚಾಲೂ ಆದರೆ ಕಂಪ್ಯೂಟರಿನ ಅಪ್ಪಣೆ ಬೇಕಿಲ್ಲ. ಹೈಡ್ರಾಲಿಕ್ ಗೇರ್ ಪಂಪು ಕೂಡ ಒಂದಿಷ್ಟು ಧೂಳು ತಡೆದುಕೊಳ್ಳುತ್ತದೆ. 2021ರ ಏಪ್ರಿಲ್‌ನಲ್ಲಿ ಈ ಯಂತ್ರಗಳಿಗೆ ಹೊಸ ಮಾಲಿನ್ಯ ನಿಯಮ ಜಾರಿಯಾದ ಮೇಲೆ ಸೆನ್ಸರು, ಎಲೆಕ್ಟ್ರಾನಿಕ್ ನಿಯಂತ್ರಣಗಳು ಮಾಮೂಲಾದವು. ನಿಯಮ ತಪ್ಪೇನಲ್ಲ, ಹಳೆಯ ಎಂಜಿನ್ನಿನ ಹೊಗೆ ಕುಡಿಯುವವನು ಗುಂಡಿಯ ಪಕ್ಕ ನಿಂತ ಕೂಲಿಯವನೇ. ಆದರೆ ಕಂಪನಿಯ ಲ್ಯಾಪ್‌ಟಾಪು ಬರಲು ಎರಡು ದಿನ ಹಿಡಿಯುವ ಘಟ್ಟದ ಕಾಡಿನಲ್ಲಿ, ಒಂದು ಸೆನ್ಸರು ಕೆಟ್ಟರೂ ಸಾಲದ ಕಂತು ನಿಲ್ಲುವುದಿಲ್ಲ. ಅಂಥ ಕಡೆ ದುಡಿಯುವವರು ಹಳೆಯದನ್ನೇ ಹುಡುಕುವುದು ಹಿಂದುಳಿದಿರುವಿಕೆಯಲ್ಲ, ಲೆಕ್ಕಾಚಾರ.

ಈ ಲೆಕ್ಕದಲ್ಲಿ ಗಂಟೆಯ ಮೀಟರಿಗೆ ಬೆಲೆ ಕಡಿಮೆ, ಅದನ್ನು ಬದಲಿಸಬಹುದು. ಸವೆದ ಪೆಡಲು ಸುಳ್ಳು ಹೇಳುವುದಿಲ್ಲ. ಎಂಜಿನ್ ತಣ್ಣಗಿರುವಾಗಲೇ ಹೋಗಿ ಚಾಲೂ ಮಾಡಿಸಬೇಕು; ಮಾರುವವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನಿಸಬೇಕು. ಎಣ್ಣೆ ಹಾಕುವ ಮುಚ್ಚಳ ತೆಗೆದಾಗ ಹೊಗೆ ಒತ್ತಿ ಬಂದರೆ ಪಿಸ್ಟನ್ ರಿಂಗು ಸವೆದಿವೆ. ಮುಂದಿನ ಬಕೆಟ್ ಎತ್ತಿ ಎಂಜಿನ್ ಆರಿಸಿ, ದೂರದಲ್ಲಿ ನಿಂತು ನೋಡಿದರೆ, ಅದು ಇಳಿಯುವ ವೇಗ ಸಿಲಿಂಡರಿನ ಸೀಲು, ವಾಲ್ವುಗಳ ಸ್ಥಿತಿ ಹೇಳುತ್ತದೆ. ತೋಳಿನ ಪಿನ್ನು, ಬುಷ್ ಸವೆದಿದ್ದರೆ ಹಿಂದಿನ ಬಕೆಟ್ ಅಕ್ಕಪಕ್ಕ ಓಲಾಡುತ್ತದೆ. ಪಿನ್ನು, ಬುಷ್ಷನ್ನು ಲೇತ್ ಇರುವ ಯಾವ ಗ್ಯಾರೇಜೂ ಮಾಡಿಕೊಟ್ಟೀತು. ಗೇರ್‌ಬಾಕ್ಸ್ ಹೋದರೆ ಹಾಗಲ್ಲ. ಅದನ್ನು ಭಾರ ಹೊರಿಸಿ ಹಿಂದೆ ಮುಂದೆ ಓಡಿಸಿಯೇ ನೋಡಬೇಕು.

ಅಗ್ಗಕ್ಕೆ ಸಿಕ್ಕ ಹೊರದೇಶದ ಗಟ್ಟಿ ಯಂತ್ರ ಒಂದು ಸೀಲ್ ಕಿಟ್ಟಿಗಾಗಿ ತಿಂಗಳುಗಟ್ಟಲೆ ಮಳೆಯಲ್ಲಿ ನಿಲ್ಲಬಹುದು. ಅನುಭವಸ್ಥರು ಮಾರುವವನ ಅಂಗಳಕ್ಕೆ ಹೋಗುವ ಮೊದಲೇ ಮಾದರಿ, ಎಂಜಿನ್ ಸಂಖ್ಯೆ ಬರೆದುಕೊಂಡು ತಾಲ್ಲೂಕು ಪೇಟೆಯ ಬಿಡಿಭಾಗದ ಅಂಗಡಿಗೆ ಹೋಗುತ್ತಾರೆ. ಅಂಗಡಿಯವ ಪುಸ್ತಕ ತೆರೆಯದೆ ಕಪಾಟಿಗೆ ಕೈ ಹಾಕಿದರೆ, ಆಮೇಲೆ ಯಂತ್ರ ನೋಡಲು ಹೊರಡುತ್ತಾರೆ.